ಒಬ್ಬನನ್ನೂ ಲೆಕ್ಕಕ್ಕೆ ಹಿಡಿಯಿರಿ: ಕೆರಾಡಿಯಿಂದ ಒಂದು ಬಹಿರಂಗ ಪತ್ರ

ಕೆರಾಡಿ, ಕುಂದಾಪುರ ತಾಲೂಕು

ಮಾನ್ಯ ಕೇಂದ್ರ ಕಾರ್ಮಿಕ ಸಚಿವರಿಗೆ,

ನಾನು ಕೆರಾಡಿಯಲ್ಲಿ ಒಂದು ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಕುಂದಾಪುರದಿಂದ ಹೆಮ್ಮಾಡಿ, ವಂಡ್ಸೆ ಹಾದು ಘಟ್ಟದ ಬುಡದ ಕಡೆಗೆ ಬಂದರೆ ನಮ್ಮೂರು. ಮೊದಲು ಮೂಡುಗಲ್ಲಿನ ಗುಹೆಯೊಳಗಿನ ಕೇಶವನಾಥೇಶ್ವರನಿಗೆ ಹರಕೆ ಹೊತ್ತು ಬರುವವರಿಗಷ್ಟೇ ಗೊತ್ತಿದ್ದ ಊರು. 2022ರಲ್ಲಿ ‘ಕಾಂತಾರ’ ಬಂದ ಮೇಲೆ ದೇಶಕ್ಕೆಲ್ಲ ಗೊತ್ತಾಯಿತು. ರಿಷಬ್ ಶೆಟ್ಟರು ನಮ್ಮೂರಿನವರು. ಸಿನಿಮಾದಲ್ಲಿ ಕಂಡ ಕಾಡು, ಗದ್ದೆ, ತೋಡು ಈಗಲೂ ಇಲ್ಲಿಯೇ ಇವೆ. ಕಾಣದೆ ಹೋಗುತ್ತಿರುವವರು ಹರೆಯದ ಹುಡುಗರು. ಪಿಯುಸಿ ಮುಗಿಯಿತು ಎಂದರೆ ರಾತ್ರಿ ಬಸ್ಸಿಗೆ ಸೀಟು. ನಮ್ಮ ಅಪ್ಪಂದಿರು ಬೆಂಗಳೂರು, ಮುಂಬಯಿಯ ಹೋಟೆಲುಗಳಿಗೆ ಹೋದರು, ನಮ್ಮ ಕಾಲದವರು ಫ್ಯಾಕ್ಟರಿಗೆ, ಈಗಿನವರು ಬೇಕರಿಗೆ, ಶೋರೂಮಿಗೆ, ಡೆಲಿವರಿಗೆ. ಮೂರು ತಲೆಮಾರಿನಲ್ಲಿ ಕೆಲಸ ಬದಲಾಯಿತು, ಬಸ್ಸು ಬದಲಾಗಲಿಲ್ಲ.

ಉದ್ಯೋಗ ಕೊಟ್ಟವನ ಖರ್ಚಿನಲ್ಲಿ ಒಂದು ಪಾಲನ್ನು ಸರಕಾರವೇ ಹೊರುತ್ತದೆ ಎಂಬ ಮಾತು 2024ರ ಜುಲೈ ಬಜೆಟ್ಟಿನಲ್ಲಿ ಬಂದಾಗಿನಿಂದ ನಾನು ಕಿವಿಗೊಟ್ಟು ಕಾದಿದ್ದೇನೆ. 2025ರ ಜುಲೈ 1ರಂದು ಸಂಪುಟ ಒಪ್ಪಿತು. ಆಗಸ್ಟ್ 15ರಂದು ಪ್ರಧಾನಿಯವರು ಕೆಂಪುಕೋಟೆಯ ಮೇಲಿಂದ ಸಾರಿದರು. ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ: 99,446 ಕೋಟಿ ರೂಪಾಯಿ, ಎರಡು ವರ್ಷದಲ್ಲಿ ಮೂರೂವರೆ ಕೋಟಿ ಉದ್ಯೋಗ. ಮೊದಲ ಸಲ ಪಿ.ಎಫ್. ಖಾತೆಗೆ ಬಂದ ಹುಡುಗನಿಗೆ ಒಂದು ತಿಂಗಳ ಸಂಬಳ, ಹೆಚ್ಚೆಂದರೆ 15,000, ಎರಡು ಕಂತಿನಲ್ಲಿ. ಕೆಲಸ ಕೊಟ್ಟವನಿಗೆ ತಲೆಗೆ ತಿಂಗಳಿಗೆ 3,000ದವರೆಗೆ ಎರಡು ವರ್ಷ. ತಯಾರಿಕೆಯ ಘಟಕವಾದರೆ ನಾಲ್ಕು ವರ್ಷ. ಸುದ್ದಿ ಕೇಳಿದ ಸಂಜೆ ನಾನು ನಿಜವಾಗಿ ಸಂತೋಷಪಟ್ಟಿದ್ದೆ ಎಂದು ಮೊದಲು ಹೇಳಿಬಿಡುತ್ತೇನೆ, ಮುಂದಿನ ಮಾತುಗಳನ್ನು ತಾವು ಬೇರೆ ರೀತಿ ತಿಳಿಯಬಾರದು.

ಸಂತೋಷಕ್ಕೆ ಕಾರಣ ಇತ್ತು. ಅಂಗಡಿ ಹಾಕುವಾಗ ಸ್ವಂತ ಉದ್ಯೋಗಕ್ಕೆಂದು ಕೊಡುವ ಪಿ.ಎಂ.ಇ.ಜಿ.ಪಿ. ಸಾಲ ಮಾಡಿದ್ದೆ. ಹಳ್ಳಿಯ ಘಟಕವಾದರೆ ವೆಚ್ಚದ ಶೇಕಡಾ 25, ಕೆಲವು ವರ್ಗದವರಿಗೆ ಶೇಕಡಾ 35 ಸರಕಾರದ ಸಹಾಯಧನ. ವೆಲ್ಡಿಂಗ್ ಮೆಷಿನ್ನು, ಕಟ್ಟಿಂಗ್ ಮೆಷಿನ್ನು, ಡ್ರಿಲ್ಲು ಎಲ್ಲ ಹಾಗೆ ಬಂದವು. ಆಗಲೇ ಅನ್ನಿಸಿತ್ತು, ಮೆಷಿನ್ನಿಗೆ ಕೊಡುವ ಸರಕಾರ ಅದನ್ನು ಹಿಡಿಯುವ ಕೈಗೆ ಯಾಕೆ ಕೊಡುವುದಿಲ್ಲ ಎಂದು. ಮೆಷಿನ್ನು ತಂದ ದಿನವೇ ಕೆಲಸ ಮಾಡುತ್ತದೆ. ಹುಡುಗ ಹಾಗಲ್ಲ.

ಹುಡುಗನ ವಿಷಯಕ್ಕೇ ಬರುತ್ತೇನೆ. ಕಳೆದ ಮಳೆಗಾಲ ಮುಗಿಯುತ್ತಿದ್ದ ಹಾಗೆ ನಮ್ಮ ಮನೆಯಿಂದ ಎರಡು ಗದ್ದೆ ಆಚೆಯ ಮನೆಯ ಹುಡುಗ ಅಂಗಡಿಗೆ ಬಂದ. ಹತ್ತೊಂಬತ್ತು ವರ್ಷ, ಪಿಯುಸಿಗೆ ಓದು ನಿಂತಿತ್ತು. ಹೆಸರು ಬರೆಯುವುದಿಲ್ಲ, ಅವನ ಬದುಕು ಅವನದು. ದಿನಕ್ಕೆ 500 ರೂಪಾಯಿ ಎಂದು ಮಾತಾಯಿತು. ಅಂಗಡಿಯಲ್ಲಿ ಆಗ ನಾನು ಮತ್ತು ಒಂಬತ್ತು ವರ್ಷದಿಂದ ನನ್ನ ಜತೆಗಿರುವ ಮೇಸ್ತ್ರಿ, ಇಬ್ಬರೇ. ಮನೆಯ ಗೇಟು, ಕಿಟಕಿಯ ಗ್ರಿಲ್ಲು, ಕೊಟ್ಟಿಗೆಯ ಶೀಟು, ಅಡಿಕೆ ಒಣಗಿಸುವ ಅಂಗಳಕ್ಕೆ ಮಾಡು. ಫೆಬ್ರವರಿಯಿಂದ ಮೇ ಕೊನೆಯ ತನಕ ಉಸಿರು ಬಿಡಲು ಸಮಯವಿಲ್ಲ, ಜೂನ್ ಮಳೆ ಹಿಡಿದರೆ ಕೈ ಖಾಲಿ. ಮೂರನೆಯವನೊಬ್ಬ ಬೇಕೇ ಬೇಕಿತ್ತು.

ಮೊದಲ ತಿಂಗಳು ಅವನು ತುಕ್ಕು ಉಜ್ಜಿದ, ರೆಡ್ ಆಕ್ಸೈಡ್ ಬಳಿದ, ನಾವು ಮಾಡಿದ ವೆಲ್ಡಿನ ಮೇಲಿನ ಕರಕಲು ಸಿಪ್ಪೆಯನ್ನು ಸುತ್ತಿಗೆಯಲ್ಲಿ ಬಡಿದು ಬಿಡಿಸಿದ. ಎರಡನೆಯ ತಿಂಗಳು ಹೋಲ್ಡರ್ ಕೈಗೆ ಕೊಟ್ಟೆ. ಹೊಸಬರ ಕೈಯಲ್ಲಿ ರಾಡು ಕಬ್ಬಿಣಕ್ಕೆ ತಾಗಿದ ಕೂಡಲೇ ಅಂಟಿಕೊಳ್ಳುತ್ತದೆ. ಎಳೆದರೆ ಬರುವುದಿಲ್ಲ, ಮಣಿಕಟ್ಟು ತಿರುಚಿ ಬಿಡಿಸಬೇಕು. ಅಷ್ಟರಲ್ಲಿ ರಾಡು ಕೆಂಪಾಗಿ ಬಾಗಿರುತ್ತದೆ, ಮೇಲಿನ ಲೇಪ ಉದುರಿರುತ್ತದೆ, ಅದು ಮತ್ತೆ ಕೆಲಸಕ್ಕೆ ಬಾರದು. ದೂರ ಹಿಡಿದರೆ ಬೆಂಕಿ ಆರುತ್ತದೆ. ತೆಳು ಪೈಪಿನ ಮೇಲೆ ಒಂದು ಕ್ಷಣ ಹೆಚ್ಚು ನಿಂತರೆ ತೂತು ಬೀಳುತ್ತದೆ. ಆ ತೂತನ್ನು ನಾನು ತುಂಬಬೇಕು, ಗ್ರೈಂಡರ್ ಹೊಡೆದು ಸಮ ಮಾಡಬೇಕು, ಇಲ್ಲವೇ ಆ ತುಂಡನ್ನೇ ಕತ್ತರಿಸಿ ಹೊಸದು ಹಾಕಬೇಕು. ನಾನೊಬ್ಬನೇ ಕೂತರೆ ಅರ್ಧ ದಿನದಲ್ಲಿ ಮುಗಿಯುವ ಕಿಟಕಿ ಅವನಿಗೆ ಕಲಿಸುತ್ತ ಮಾಡಿದರೆ ಒಂದಿಡೀ ದಿನ. ಅವನ ಕೂಲಿ 500, ಹಾಳಾದ ರಾಡು ಪೈಪು, ಜತೆಗೆ ನನ್ನ ಅರ್ಧ ದಿನ. ಇದು ದಿನದ ಲೆಕ್ಕ.

ನಾಲ್ಕನೆಯ ತಿಂಗಳ ಕೊನೆಗೆ ಅವನ ಗೀಟು ನೇರವಾಯಿತು. ಆರನೆಯ ತಿಂಗಳಲ್ಲಿ ಒಂದು ಗೇಟಿನ ಮೂಲೆ ಕೂಡಿಸಿದ್ದನ್ನು ತೋರಿಸಿದ. ವೆಲ್ಡು ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಕೂತಿತ್ತು. ಮೇಸ್ತ್ರಿ ಬೆರಳಾಡಿಸಿ ನೋಡಿ ಏನೂ ಹೇಳದೆ ಹೋದರು. ಅವರು ಏನೂ ಹೇಳಲಿಲ್ಲ ಎಂದರೆ ಒಪ್ಪಿದರು ಎಂದು.

ಮಾನ್ಯರೇ, ಸಣ್ಣ ಅಂಗಡಿಗೆ ಹೊಸ ಹುಡುಗ ಭಾರವಾಗುವುದು ಈ ಮೊದಲ ಆರು ತಿಂಗಳು. ಆಮೇಲೆ ಅವನೇ ಅಂಗಡಿಯನ್ನು ಹೊರುತ್ತಾನೆ. ತಮ್ಮ ಯೋಜನೆಯಲ್ಲಿ ಸಹಾಯಧನ ಕೈಗೆ ಬರುವುದು ಹುಡುಗ ಆರು ತಿಂಗಳು ಎಡೆಬಿಡದೆ ಉಳಿದ ಮೇಲೆ. ಕೆರೆಗೆ ಬಿದ್ದವನು ಈಜಿ ದಡಕ್ಕೆ ಬಂದ ಮೇಲೆ ಹಗ್ಗ ಕೊಟ್ಟ ಹಾಗೆ ಆಯಿತು. ದೊಡ್ಡ ಕಾರ್ಖಾನೆಗೆ ಆರು ತಿಂಗಳು ಕಾಯುವುದು ಕಷ್ಟವಲ್ಲ, ಅದರ ಲೆಕ್ಕದ ಪುಸ್ತಕದಲ್ಲಿ ‘ಬರಬೇಕಾದದ್ದು’ ಎಂದು ಬರೆದಿಡುತ್ತಾರೆ. ನನಗೆ ಶನಿವಾರ ಸಂಜೆಯ ಬಟವಾಡೆಗೆ ಶನಿವಾರ ಸಂಜೆಯೇ ದುಡ್ಡು ಬೇಕು.

ಆದರೂ ಬಿಡಬಾರದು ಎಂದು ಹೊರಟೆ. ಹುಡುಗನಿಗೆ ಮೊದಲು ಪಿ.ಎಫ್. ಖಾತೆಯ ಯು.ಎ.ಎನ್. ನಂಬರು ಆಗಬೇಕು. 2025ರ ಆಗಸ್ಟ್‌ನಿಂದ ಅದಕ್ಕೆ ಉಮಂಗ್ ಆ್ಯಪಿನಲ್ಲಿ ಮುಖ ತೋರಿಸಬೇಕು. ಅಂಗಡಿಯಲ್ಲಿ ಸಿಗ್ನಲ್ ಬರುವುದು ಹೋಗುವುದು ಮಾಡುತ್ತಿತ್ತು, ಹಿಂದಿನ ಗುಡ್ಡೆ ಹತ್ತಿದೆವು. ಹಿಂದಿನ ದಿನ ಅವನು ಶೀಲ್ಡ್ ಹಿಡಿಯದೆ ನಾಲ್ಕಾರು ಟ್ಯಾಕ್ ಹಾಕಿದ್ದ. ಶೀಲ್ಡ್ ಹಿಡಿದರೆ ಕೂಡು ಕಾಣುವುದಿಲ್ಲ ಎಂಬುದು ಹೊಸಬರೆಲ್ಲರ ದೂರು. ರಾತ್ರಿಯಿಡೀ ಕಣ್ಣಿಗೆ ಮರಳು ಹೊಯ್ದಂತಾಗಿ ನಿದ್ದೆ ಇಲ್ಲ. ಬೆಳಿಗ್ಗೆ ಎರಡೂ ಕಣ್ಣು ಕೆಂಪು, ರೆಪ್ಪೆ ಊದಿಕೊಂಡಿತ್ತು. ಆ್ಯಪು ಕಣ್ಣು ಮಿಟುಕಿಸಿ ಎನ್ನುತ್ತದೆ. ಅವನು ಬಿಸಿಲಿಗೆ ಮುಖವೊಡ್ಡಿ ನಿಂತು, ಕೆನ್ನೆಯ ಮೇಲೆ ನೀರಿಳಿಯುತ್ತಿದ್ದ ಹಾಗೆ, ‘ಅಣ್ಣಾ, ಕಣ್ಣ್ ಬಿಡುಕೇ ಆತಿಲ್ಲೆ’ ಎಂದ. ನನಗೆ ಕರುಳು ಕಿವುಚಿದಂತಾಯಿತು. ಶೀಲ್ಡ್ ಹಿಡಿಸದೆ ಬಿಟ್ಟದ್ದು ನನ್ನ ತಪ್ಪು. ಅದಕ್ಕೆ ಯಾವ ಯೋಜನೆಯನ್ನೂ ದೂರುವುದಿಲ್ಲ. ಎರಡು ದಿನ ರಜೆ ಕೊಟ್ಟು, ಮೂರನೆಯ ದಿನ ಮತ್ತೆ ಗುಡ್ಡೆ ಹತ್ತಿದೆವು. ನಂಬರು ಬಂತು. ಹನ್ನೆರಡು ಅಂಕಿ. ಅವನು ಅದನ್ನು ಬಾಯಿಪಾಠ ಮಾಡಿದ.

ಮರುವಾರ ಕುಂದಾಪುರದಲ್ಲಿ ಲೆಕ್ಕಪತ್ರ ನೋಡುವವರೊಬ್ಬರ ಹತ್ತಿರ ಹೋದೆ. ಒಳ್ಳೆಯ ಮನುಷ್ಯ, ತಾಳ್ಮೆಯಿಂದ ಒಂದು ಚೀಟಿಯ ಹಿಂದೆ ಬರೆದು ತೋರಿಸಿದರು. ಆ ಚೀಟಿ ಇನ್ನೂ ನನ್ನ ಹತ್ತಿರ ಇದೆ. ತಿಂಗಳಿಗೆ 24 ದಿನದಂತೆ ಹುಡುಗನ ಸಂಬಳ 12,000. ಇಪ್ಪತ್ತಕ್ಕಿಂತ ಕಡಿಮೆ ಜನರಿರುವ ಸಂಸ್ಥೆಗೆ ಮಾಲಿಕನ ಪಾಲು ಶೇಕಡಾ 10, ಅಂದರೆ 1,200. ವಿಮೆಗೆ ಶೇಕಡಾ ಅರ್ಧ, 60. ಆಡಳಿತ ಶುಲ್ಕವೂ ಶೇಕಡಾ ಅರ್ಧವೇ, 60 ಆಗಬೇಕು. ಆದರೆ ಸಂಸ್ಥೆ ಎಷ್ಟೇ ಸಣ್ಣದಿರಲಿ ತಿಂಗಳಿಗೆ ಕನಿಷ್ಠ 500 ಕಟ್ಟಬೇಕು. ಕೂಡಿಸಿದರೆ 1,760. ಹತ್ತು ಸಾವಿರಕ್ಕಿಂತ ಹೆಚ್ಚು, ಇಪ್ಪತ್ತು ಸಾವಿರದವರೆಗಿನ ಸಂಬಳಕ್ಕೆ ತಾವು ಮಾಲಿಕನಿಗೆ ಕೊಡುವುದು 2,000. ಬಲಗೈಯಿಂದ ಬಂದದ್ದು ಎಡಗೈಯಿಂದ ಹೆಚ್ಚುಕಡಿಮೆ ಅಷ್ಟೂ ಹೋಗುತ್ತದೆ. ಹುಡುಗನ ಸಂಬಳದಿಂದಲೂ 1,200 ಹಿಡಿಯಬೇಕು, ಅವನ ಕೈಗೆ 10,800. ಹಳೆಯ ಕೆಲಸಗಾರನನ್ನೂ ಲೆಕ್ಕಕ್ಕೆ ಸೇರಿಸಿದರೆ ಅವನ ಪಾಲು ಬೇರೆ, ಅದಕ್ಕೆ ಸಹಾಯಧನ ಇಲ್ಲ. ಪ್ರತಿ ತಿಂಗಳು 15ರೊಳಗೆ ಚಲನ್ ಕಟ್ಟಬೇಕು, ಅದನ್ನು ತುಂಬಿಸುವವರಿಗೆ ಏನಾದರೂ ಕೊಡಬೇಕು. ಇಷ್ಟು ಹೇಳಿ ಅವರು ಪೆನ್ನು ಮುಚ್ಚಿದರು. ‘ಇಷ್ಟೆಲ್ಲ ಮಾಡಿದರೂ ನಿಮ್ಮದು ಒಬ್ಬನೇ ಅಲ್ಲವಾ? ಇಬ್ಬರು ಬೇಕು’ ಎಂದರು.

ಇಬ್ಬರು. ಐವತ್ತಕ್ಕಿಂತ ಕಡಿಮೆ ಜನರಿರುವ ಸಂಸ್ಥೆ ಕನಿಷ್ಠ ಇಬ್ಬರನ್ನು ಹೊಸದಾಗಿ ಸೇರಿಸಿಕೊಳ್ಳಬೇಕು, ಐವತ್ತು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಐವರನ್ನು. ಕೇಳಲು ಸಣ್ಣ ಸಂಖ್ಯೆ. ಐನೂರು ಜನರ ಕಾರ್ಖಾನೆಗೆ ಐವರೆಂದರೆ ನೂರಕ್ಕೆ ಒಬ್ಬ. ನಲವತ್ತೊಂಬತ್ತು ಜನರ ಘಟಕಕ್ಕೆ ಇಬ್ಬರೆಂದರೆ ನೂರಕ್ಕೆ ನಾಲ್ವರು. ನನ್ನ ಅಂಗಡಿಯಲ್ಲಿ ಇರುವುದೇ ಇಬ್ಬರು; ಇನ್ನಿಬ್ಬರು ಎಂದರೆ ಅಂಗಡಿಯನ್ನೇ ಇಮ್ಮಡಿ ಮಾಡಬೇಕು. ಆಳು ಚಿಕ್ಕವನಾದಷ್ಟೂ ಏರಬೇಕಾದ ಮೆಟ್ಟಿಲು ಎತ್ತರ. ಇದನ್ನು ಬರೆದವರು ಬೇಕೆಂದೇ ಹೀಗೆ ಮಾಡಿದರು ಎಂದು ನಾನು ನಂಬುವುದಿಲ್ಲ. ಬರೆಯುವಾಗ ಅವರ ಕಣ್ಣ ಮುಂದೆ ಇಬ್ಬರು ಕೂತ ಅಂಗಡಿ ಇರಲಿಲ್ಲ, ಅಷ್ಟೇ.

ಅಂಥ ಅಂಗಡಿಗಳು ಎಷ್ಟು ಎಂದು ಕೇಂದ್ರ ಸರಕಾರವೇ ಎಣಿಸಿದೆ. 2023-24ರ ಸಮೀಕ್ಷೆಯಲ್ಲಿ ಕೃಷಿಯನ್ನು ಬಿಟ್ಟು ಅಸಂಘಟಿತ ವಲಯದ ಘಟಕಗಳು 7.34 ಕೋಟಿ, ಅಲ್ಲಿ ದುಡಿಯುವವರು 12 ಕೋಟಿ. ಒಂದಕ್ಕೆ ಇಬ್ಬರೂ ಬರುವುದಿಲ್ಲ. ಕೋವಿಡ್ ಹೊತ್ತಿನಲ್ಲಿ, 2020ರ ಅಕ್ಟೋಬರ್‌ನಿಂದ, ಇಂಥದೇ ಆತ್ಮನಿರ್ಭರ ಭಾರತ ರೋಜ್‌ಗಾರ್ ಯೋಜನೆ ಇತ್ತು, ಹೊಸಬರ ಪಿ.ಎಫ್. ಪಾಲನ್ನು ಸರಕಾರ ಕಟ್ಟಿತು. ಅದರ ಲಾಭ ಪಡೆದವರು 60 ಲಕ್ಷ ಕೆಲಸಗಾರರು, 1.52 ಲಕ್ಷ ಸಂಸ್ಥೆಗಳಲ್ಲಿ. ಭಾಗಿಸಿದರೆ ಒಂದು ಸಂಸ್ಥೆಗೆ ಸುಮಾರು ನಲವತ್ತು ಜನ. ಅರವತ್ತು ಲಕ್ಷ ಕಡಿಮೆಯೇನಲ್ಲ, ಅಷ್ಟು ಮನೆಗೆ ಅನ್ನ ಹೋಗಿದೆ. ಆದರೆ ಹಣ ಹರಿದ ಕಾಲುವೆ ಯಾವುದು ಎಂದು ಆ ನಲವತ್ತೇ ಹೇಳುತ್ತದೆ. ನಮ್ಮ ಕಡೆ ಅದು ಬಂದಿಲ್ಲ. ಕೆರಾಡಿಯಿಂದ ವಂಡ್ಸೆ ಪೇಟೆಯ ತನಕ ಟೈಲರ್ ಅಂಗಡಿ, ಎಣ್ಣೆ ಮಿಲ್ಲು, ಗ್ಯಾರೇಜು, ಮರದ ಕೆಲಸದ ಶೆಡ್ಡು ಯಾವುದನ್ನು ಹೊಕ್ಕರೂ ಒಬ್ಬರೋ ಇಬ್ಬರೋ ದುಡಿಯುತ್ತಿರುತ್ತಾರೆ, ಇನ್ನೊಬ್ಬ ಬೇಕಿರುತ್ತಾನೆ.

ಅಪ್ರೆಂಟಿಸ್ ಯೋಜನೆಯನ್ನೂ ವಿಚಾರಿಸಿದೆ. ನಾಲ್ಕು ಜನರಿಲ್ಲದ ಅಂಗಡಿಗೆ ಆ ಕಾಯ್ದೆಯಲ್ಲಿ ಜಾಗವಿಲ್ಲ. ರಾಜ್ಯದ ಯುವನಿಧಿ ಇದೆ: ಪದವಿ ಮುಗಿಸಿ ಕೆಲಸವಿಲ್ಲದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಎರಡು ವರ್ಷದ ತನಕ. ಪಿಯುಸಿಗೆ ನಿಂತವನಿಗೆ ಅದೂ ಇಲ್ಲ. ಕೆಲಸವಿಲ್ಲದೆ ಕೂತವನಿಗೆ ಮೂರು ಸಾವಿರ ಕೊಡುವುದು ತಪ್ಪಲ್ಲ, ಹಸಿದವನಿಗೆ ಕೊಡಲೇಬೇಕು. ಅದೇ ಮೂರು ಸಾವಿರದ ಅರ್ಧವನ್ನು ಅವನು ಕಲಿಯುವ ಅಂಗಡಿಗೆ ಮೊದಲ ತಿಂಗಳಿನಿಂದ ಕೊಟ್ಟಿದ್ದರೆ ಅವನು ಬಸ್ಸು ಹತ್ತುತ್ತಿರಲಿಲ್ಲ ಎಂಬುದಷ್ಟೇ ನನ್ನ ಸಂಕಟ. ಕಲಿಯುವ ಒಂದು ದಿನಕ್ಕೆ ಏನು ಬೆಲೆ ಎಂದು ಸರಕಾರಕ್ಕೆ ಗೊತ್ತಿಲ್ಲವೆಂದೂ ಅಲ್ಲ. 2023ರಲ್ಲಿ ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಕಮ್ಮಾರ, ಬಡಗಿ, ದರ್ಜಿಗಳಿಗೆ ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯೆ ಕೊಡುತ್ತಾರೆ. ನನ್ನ ಹುಡುಗನ ಕೂಲಿಯೂ ಅಷ್ಟೇ. ಆ ತರಬೇತಿ ಕೆಲವು ದಿನ. ನಮ್ಮದು ನೂರೈವತ್ತು ದಿನ.

ಪಿ.ಎಫ್. ಬೇಡ, ದುಡ್ಡು ಮಾತ್ರ ಕೊಡಿ ಎಂದು ನಾನು ಕೇಳುತ್ತೇನೆ ಎಂದುಕೊಳ್ಳಬೇಡಿ. ಪಿ.ಎಫ್. ಎಂದರೇನು ಎಂದು ನನ್ನ ಮನೆಯಲ್ಲಿ ಎರಡು ರೀತಿ ಗೊತ್ತಿದೆ. ಅಮ್ಮ ಗೇರುಬೀಜದ ಕಾರ್ಖಾನೆಯಲ್ಲಿ ದುಡಿದವರು. ಬೀಜ ಒಡೆದು ಒಡೆದು ಸಿಪ್ಪೆಯ ಎಣ್ಣೆ ತಾಗಿ ಬೆರಳ ತುದಿ ಕಪ್ಪಾಗಿ ಸುಲಿದಿರುತ್ತಿದ್ದವು. ಈಗ ಅವರಿಗೆ ಪಿ.ಎಫ್. ಪಿಂಚಣಿ ಬರುತ್ತದೆ, ತಿಂಗಳಿಗೆ ಸಾವಿರ ರೂಪಾಯಿ. 2014ರಲ್ಲಿ ಕನಿಷ್ಠ ಸಾವಿರ ಎಂದು ಮಾಡಿದ್ದು ಇಂದಿಗೂ ಅಷ್ಟೇ ನಿಂತಿದೆ. ಆದರೂ ಆ ಸಾವಿರ ಅಮ್ಮನದು. ಮಾತ್ರೆಗೆ ನನ್ನ ಮುಂದೆ ಕೈಯೊಡ್ಡುವುದಿಲ್ಲ, ಮೊಮ್ಮಗಳಿಗೆ ಬಳೆ ತರುವಾಗ ಯಾರನ್ನೂ ಕೇಳುವುದಿಲ್ಲ. ನಾನು ಪೀಣ್ಯದ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಏಳು ವರ್ಷ ಇದ್ದೆ. ಪ್ರತಿ ತಿಂಗಳೂ ಸಂಬಳದಿಂದ ಪಿ.ಎಫ್. ಎಂದು ಹಿಡಿಯುತ್ತಿದ್ದರು. ಬಿಟ್ಟು ಬಂದ ಮೇಲೆ ತಿಳಿಯಿತು, ಒಂದು ರೂಪಾಯಿಯನ್ನೂ ಕಟ್ಟಿರಲಿಲ್ಲ. ಏಳು ವರ್ಷ ಎಲ್ಲಿಯೂ ದಾಖಲಾಗದೆ ಹೋಯಿತು. ಆದ್ದರಿಂದ ನನ್ನ ಅಂಗಡಿಗೆ ಬಂದ ಹುಡುಗನಿಗೆ ಪಿ.ಎಫ್. ಇರಬೇಕು ಎಂಬ ಆಸೆ ತಮಗಿಂತ ನನಗೇ ಹೆಚ್ಚು. ಪಿ.ಎಫ್. ಕಾಯ್ದೆ ಇಪ್ಪತ್ತು ಜನರಿಗಿಂತ ಕಡಿಮೆ ಇರುವವರಿಗೆ ಕಡ್ಡಾಯ ಮಾಡುವುದಿಲ್ಲ. ನಾವೇ ಇಷ್ಟಪಟ್ಟು ಸೇರಬಹುದು. ಇಷ್ಟಪಟ್ಟು ಬಂದವನಿಗೆ ಬಾಗಿಲಲ್ಲೇ ಐನೂರು ರೂಪಾಯಿ ಕನಿಷ್ಠ ಶುಲ್ಕ ಎಂದರೆ ಅವನು ಹಿಂದಿರುಗಿ ಹೋಗುತ್ತಾನೆ.

ಇಬ್ಬರು, ಆರು ತಿಂಗಳು ಎಂಬ ಷರತ್ತುಗಳನ್ನು ಯಾಕೆ ಹಾಕಿರಬಹುದು ಎಂದು ನಾನೂ ಯೋಚಿಸಿದ್ದೇನೆ. ಒಬ್ಬನಿಗೂ ಕೊಟ್ಟರೆ ಹೆಂಡತಿ, ಭಾವಮೈದನ ಎಲ್ಲರ ಹೆಸರನ್ನೂ ಬರೆಸಿ ದುಡ್ಡು ಎತ್ತುವವರು ಇರುತ್ತಾರೆ. ಇರುತ್ತಾರೆ, ಒಪ್ಪಿದೆ. ಆದರೆ ನಮ್ಮಂಥ ಊರಿನಲ್ಲಿ ಅದು ಕಷ್ಟ. ಯಾರು ಯಾರ ಅಂಗಡಿಯಲ್ಲಿ ಇದ್ದಾರೆ ಎಂದು ಹಾಲಿನ ಡೈರಿಗೆ ಬರುವವರೆಲ್ಲರಿಗೂ ಗೊತ್ತು. ಸುಳ್ಳು ಹೆಸರು ನೂರು ಜನರ ಮಸ್ಟರಿನಲ್ಲಿ ಅಡಗುತ್ತದೆ, ಮೂರು ಜನರ ಶೆಡ್ಡಿನಲ್ಲಿ ಎಲ್ಲಿ ಅಡಗಬೇಕು? ಇನ್ನೊಂದು ಅನುಮಾನ ಅರ್ಥಶಾಸ್ತ್ರ ಬಲ್ಲವರದ್ದು: ಹೇಗೂ ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದವನಿಗೇ ಸಹಾಯಧನ ಹೋದರೆ ಸರಕಾರದ ದುಡ್ಡಿನಿಂದ ಹೊಸ ಕೆಲಸ ಒಂದೂ ಹುಟ್ಟಿದ ಹಾಗಾಗಲಿಲ್ಲ ಎಂದು. ಇದು ಸರಿಯಾದ ಅನುಮಾನ. ಆದರೆ ಅದನ್ನು ಮೊದಲು ದೊಡ್ಡವರ ಮೇಲೆ ಹಾಕಿ ನೋಡಬೇಕು. ಆರ್ಡರ್ ಬಂದ ಕಾರ್ಖಾನೆ ನೂರು ಜನರನ್ನು ತೆಗೆದುಕೊಂಡೇ ತೆಗೆದುಕೊಳ್ಳುತ್ತದೆ, ಎರಡು ಸಾವಿರ ಬಂದರೂ ಬಾರದಿದ್ದರೂ. ನಾನು ಒಬ್ಬನನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂಬುದು ಆ ಎರಡು ಸಾವಿರದ ಮೇಲೆಯೇ ನಿಂತಿರುತ್ತದೆ.

ಬೇರೆ ದೇಶದವರೂ ಇಂಥ ಕಡೆ ಎಡವಿ ತಿದ್ದಿಕೊಂಡಿದ್ದಾರೆ. ಬ್ರಿಟನ್ 2020ರಲ್ಲಿ ಹರೆಯದವರಿಗೆ ಕೆಲಸ ಕೊಟ್ಟರೆ ಕನಿಷ್ಠ ವೇತನವನ್ನು ತಾನೇ ಭರಿಸುವ ಕಿಕ್‌ಸ್ಟಾರ್ಟ್ ಯೋಜನೆ ತಂದಿತು. ನೇರವಾಗಿ ಅರ್ಜಿ ಹಾಕಲು ಕನಿಷ್ಠ 30 ಕೆಲಸ ತೋರಿಸಬೇಕಿತ್ತು. ಚಿಕ್ಕವರು ಮಧ್ಯವರ್ತಿ ಸಂಸ್ಥೆಯ ಮೂಲಕ ಬರಬೇಕಿತ್ತು. ದೂರುಗಳು ಬಂದವು, 2021ರ ಫೆಬ್ರವರಿಯಲ್ಲಿ ಆ ಮೂವತ್ತನ್ನು ಕೈಬಿಟ್ಟರು. ಕೆನಡಾದ ಬೇಸಿಗೆ ಉದ್ಯೋಗ ಯೋಜನೆಯಲ್ಲಿ ಖಾಸಗಿಯವರ ಪೈಕಿ ಐವತ್ತು ಅಥವಾ ಅದಕ್ಕಿಂತ ಕಡಿಮೆ ಜನರಿರುವವರಿಗೆ ಮಾತ್ರ ಸಹಾಯಧನ. ಅಲ್ಲಿ ಚಿಕ್ಕದಾಗಿರುವುದೇ ಅರ್ಹತೆ.

ಅಷ್ಟು ದೂರ ಯಾಕೆ, ನಮ್ಮ ಉಡುಪಿಯನ್ನೇ ನೋಡಿ. ಇಲ್ಲಿ 1925ರಲ್ಲಿ ನೇಕಾರರಿಗೆ ನೆರವಾಗಲೆಂದು ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ. ಬ್ಯಾಂಕಿಗೆ ಬಾ ಎನ್ನಲಿಲ್ಲ. ಪಿಗ್ಮಿಯವರು ಸಂಜೆ ಅಂಗಡಿಯ ಬಾಗಿಲಿಗೇ ಬಂದರು. ಬೀಡಿ ಕಟ್ಟುವವರು, ಮೀನು ಮಾರುವವರು, ಹೋಟೆಲಿನ ಮಾಣಿಗಳು ಹಾಗೆ ಬ್ಯಾಂಕಿನ ಪುಸ್ತಕದೊಳಗೆ ಬಂದರು. ನನ್ನ ಅಂಗಡಿಗೆ ಇವತ್ತಿಗೂ ಪಿಗ್ಮಿಯವರು ಬರುತ್ತಾರೆ. ಎರಡಾಣೆಯನ್ನು ಲೆಕ್ಕಕ್ಕೆ ಹಿಡಿಯಲು ಸಾಧ್ಯವಾದ ಜಿಲ್ಲೆಯಲ್ಲಿ ಒಬ್ಬ ಹುಡುಗನನ್ನು ಲೆಕ್ಕಕ್ಕೆ ಹಿಡಿಯಲು ಸಾಧ್ಯವಿಲ್ಲವೇ? ಪಂಚಾಯತಿ ಇದೆ, ಗ್ರಾಮ ಒನ್ ಕೇಂದ್ರಗಳಿವೆ, ಅಂಚೆಯವರಿದ್ದಾರೆ. ಹುಡುಗನ ಮುಖ ತೋರಿಸುವುದು, ಹಾಜರಿ ಬರೆಯುವುದು, ಚಲನ್ ಕಟ್ಟುವುದು ಇಲ್ಲಿಯೇ ಆಗಲಿ. ಹತ್ತು ಜನರಿಗಿಂತ ಕಡಿಮೆ ಇರುವವರಿಗೆ ಆ ಐನೂರರ ಕನಿಷ್ಠ ಶುಲ್ಕ ಬೇಡ, ಶೇಕಡಾ ಅರ್ಧವನ್ನಷ್ಟೇ ಹಿಡಿಯಿರಿ. ಒಬ್ಬನನ್ನು ಸೇರಿಸಿಕೊಂಡರೂ ಒಪ್ಪಿಕೊಳ್ಳಿ. ದುಡ್ಡನ್ನು ಮೊದಲ ತಿಂಗಳಿನಿಂದಲೇ ಕೊಡಿ. ಹುಡುಗ ಬಿಟ್ಟು ಹೋದರೆ ಆ ತಿಂಗಳಿಗೇ ನಿಲ್ಲಿಸಿ. ನಮ್ಮ ಕರಾವಳಿಗೆ ಮಳೆಗಾಲದ ಎರಡು ತಿಂಗಳು ಕೆಲಸ ಕಡಿಮೆ ಎಂಬುದನ್ನು ಗಮನದಲ್ಲಿಟ್ಟು ಆರು ತಿಂಗಳ ಲೆಕ್ಕ ಹಾಕಿ. ಕೊಡುವುದನ್ನು ಹೆಚ್ಚಿಸಿ ಎಂದು ನಾನು ಕೇಳುತ್ತಿಲ್ಲ.

ನನ್ನ ಅಂಗಡಿಯ ಹಾಜರಿ ಪುಸ್ತಕ ಗೋಡೆಯ ಕ್ಯಾಲೆಂಡರು. ಬಂದ ದಿನಕ್ಕೆ ಪೂರ್ತಿ ಗೀಟು, ಅರ್ಧ ದಿನಕ್ಕೆ ಅರ್ಧ ಗೀಟು, ಮುಂಗಡ ಕೊಟ್ಟಿದ್ದರೆ ಪಕ್ಕದಲ್ಲಿ ಸಣ್ಣಗೆ ಮೊತ್ತ. ಕಣ್ಣು ಊದಿದ ಎರಡು ದಿನಕ್ಕೂ ಪೂರ್ತಿ ಗೀಟೇ ಹಾಕಿದ್ದೇನೆ. ಹಳೆಯ ಕ್ಯಾಲೆಂಡರನ್ನು ತೆಗೆದಿಲ್ಲ, ಹೊಸದರ ಹಿಂದೆ ಹಾಗೇ ನೇತಾಡುತ್ತಿದೆ. ಆ ಹುಡುಗನ ಗೀಟುಗಳು ಅದರಲ್ಲಿ ಶುರುವಾಗಿ ಇದರಲ್ಲಿ ಮುಗಿಯುತ್ತವೆ. ಸರಿಯಾಗಿ ಸೀಸನ್ ಹಿಡಿಯುವ ಹೊತ್ತಿಗೆ, ಕೈ ಕೂತ ಮೇಲೆ, ಬೆಂಗಳೂರಿನ ಒಂದು ಕಂಪನಿಯವರು ಕರೆದರು. ಪಿ.ಎಫ್., ಇ.ಎಸ್.ಐ., ಉಳಿಯಲು ರೂಮು. ಹೋಗಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಹೋಗುತ್ತಿದ್ದೆ, ಹಿಂದೆ ಹೋಗಿಯೂ ಇದ್ದೆ.

ಮೇ ತಿಂಗಳಲ್ಲಿ ಚಿಕ್ಕಪ್ಪನ ಮಗಳ ಮದುವೆಗೆ ಬಂದವನು ಅಂಗಡಿಗೂ ಬಂದ. ಫೋನಿನಲ್ಲಿ ಪಿ.ಎಫ್. ಪಾಸ್‌ಬುಕ್ ತೆಗೆದು ತೋರಿಸಿದ. ಗುಡ್ಡೆಯ ಮೇಲೆ ಅವನು ಅಳುತ್ತ ಅಳುತ್ತ ಪಡೆದ ಅದೇ ಹನ್ನೆರಡಂಕಿಯ ನಂಬರು. ಕೆಲಸಕ್ಕೆ ಸೇರಿದ ದಿನಾಂಕ ಎಂಬಲ್ಲಿ ಬೆಂಗಳೂರಿನದು ಇತ್ತು. ‘ಅಣ್ಣಾ, ಇದ್ ನಂದ್ ಫಸ್ಟ್ ಕೆಲ್ಸ ಅಂಬ್ರ್’ ಎಂದು ಸಂಕೋಚದಿಂದ ಹೇಳಿದ. ಆರು ತಿಂಗಳು ಉಳಿದರೆ ಮೊದಲ ಕಂತು, ವರ್ಷ ತುಂಬಿ ಹಣಕಾಸಿನ ಪಾಠ ಮುಗಿಸಿದರೆ ಎರಡನೆಯದು ಅವನಿಗೆ ಬರುತ್ತದೆ. ಅವನಿಗೆ ಬರಲಿ, ಪೂರ್ತಿ ಬರಲಿ. ಅವನನ್ನು ಇಟ್ಟುಕೊಂಡ ಕಂಪನಿಗೂ ಹೊಸ ಉದ್ಯೋಗ ಸೃಷ್ಟಿಸಿದ್ದಕ್ಕೆ ತಿಂಗಳು ತಿಂಗಳ ಲೆಕ್ಕದಲ್ಲಿ ಸಿಗುತ್ತದೆ. ಅವರಿಗೆ ಸಿಕ್ಕಿದ್ದು ರಾಡು ಅಂಟಿಸದ, ಪೈಪು ತೂತು ಮಾಡದ, ಶೀಲ್ಡ್ ಹಿಡಿದೇ ಕೂರುವ ಹುಡುಗ. ಹಾಗೆ ಕೂರುವುದನ್ನು ಅವನು ಕಲಿತ ಆರು ತಿಂಗಳು ತಮ್ಮ ಯಾವ ಕಾಗದದಲ್ಲಿಯೂ ಇಲ್ಲ. ಈ ಎರಡು ಕ್ಯಾಲೆಂಡರುಗಳಲ್ಲಿ ಮಾತ್ರ ಇದೆ.

ಯೋಜನೆಗೆ 2027ರ ಜುಲೈ 31ರ ತನಕ ಸಮಯ ಇದೆ. ತಿದ್ದುವುದಕ್ಕೂ ಅಷ್ಟೇ ಸಮಯ ಇದೆ ಎಂದು ಈ ಪತ್ರ ಬರೆದೆ.

ಮೊನ್ನೆ ಮಳೆ ಬಿಟ್ಟ ಹೊತ್ತಿನಲ್ಲಿ ಒಬ್ಬರು ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗ ಚುರುಕಾಗಿದ್ದಾನೆ, ಮಾತಾಡುತ್ತಿದ್ದಷ್ಟು ಹೊತ್ತೂ ಮೇಸ್ತ್ರಿ ಪೈಪಿಗೆ ಗುರುತು ಹಾಕುವುದನ್ನೇ ನೋಡುತ್ತಿದ್ದ. ತಂದೆ ಕೊಡೆ ಮಡಚಿ ಗೋಡೆಗೆ ಒರಗಿಸಿ ಸಂಬಳ ಕೇಳಿದರು, ಊಟ ಕೇಳಿದರು, ಆಮೇಲೆ ಸ್ವಲ್ಪ ತಡೆದು, ‘ನಿಮ್ಮಲ್ಲಿ ಪಿ.ಎಫ್. ಇತ್ತಾ?’ ಎಂದರು. ಸೋಮವಾರ ಹೇಳುತ್ತೇನೆ ಎಂದೆ. ಸೋಮವಾರ ಅವರು ಬರುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಕೆರಾಡಿಯ ಒಬ್ಬ ವೆಲ್ಡಿಂಗ್ ಅಂಗಡಿಯವ